ಲಘುಗಣಕದ ಅವಕಲನ: ಒಂದು ಶಾಸ್ತ್ರಪಾಠದ ವಿಮರ್ಶೆ

ಕರ್ನಾಟಕದ ಪದವಿಪೂರ್ವ ವಿಜ್ಞಾನ ತರಗತಿಗಳಲ್ಲಿ ಎರಡನೆಯ ವರ್ಷದ ಗಣಿತಕ್ಕೆ ೨೦೧೩–೧೪ನೆಯ ಸಾಲಿನಿಂದ ಗೊತ್ತುಮಾಡಿರುವುದು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನವರು ಸಿದ್ಧಪಡಿಸಿದ ಹನ್ನೆರಡನೆಯ ತರಗತಿಯ ಪುಸ್ತಕ. ಅದರ ಐದನೆಯ ಅಧ್ಯಾಯದಲ್ಲಿ, ಘಾತೀಯ ಉತ್ಪನ್ನ, ಲಘುಗಣಕೀಯ ಉತ್ಪನ್ನ ಎಂಬ ಎರಡರ ಪರಿಚಯವಾದ ಮೇಲೆ, ಒಂದು ಪ್ರಮೇಯ ಬರುತ್ತದೆ. ಸಹಜ ಲಘುಗಣಕದ ನಿಷ್ಪನ್ನವು ಆ ರಾಶಿಯ ವ್ಯುತ್ಕ್ರಮಕ್ಕೆ ಸಮವೆಂಬುದು ಅದರ ಎರಡನೆಯ ಭಾಗ. ಪ್ರಮೇಯದ ಪಕ್ಕದಲ್ಲಿ ಒಂದು ನಕ್ಷತ್ರಚಿಹ್ನೆಯುಂಟು. ಸಾಧನೆಯನ್ನು ಬಯಸುವವರು ಪುಸ್ತಕದ ಕೊನೆಯಲ್ಲಿ ಸೇರಿಸಿರುವ ಅನುಬಂಧವನ್ನು ನೋಡಿಕೊಳ್ಳಬೇಕು. ಮೂಲಪಾಠದಲ್ಲಾದರೋ ಪ್ರಮೇಯವಾದೊಡನೆ ಉದಾಹರಣೆ, ಉದಾಹರಣೆಯಾದೊಡನೆ ಅಭ್ಯಾಸ.

ಇಂಥ ಕೆಲವು ಪುಟಗಳನ್ನು ಸಾಹಿತ್ಯದ ವಿದ್ವಾಂಸರು ಓದುವ ಪತ್ರಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೆ ಎಂದು ಯಾರಾದರೂ ಕೇಳಬಹುದು. ಕನ್ನಡದಲ್ಲಿ ಶಾಸ್ತ್ರವೂ ಸಾಹಿತ್ಯವೂ ಬೇರೆಬೇರೆ ಮನೆಗಳಲ್ಲಿ ಬೆಳೆದವಲ್ಲ. ೧೨ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನೂ ಕ್ಷೇತ್ರಗಣಿತವನ್ನೂ ಕನ್ನಡದಲ್ಲಿಯೇ ಬರೆದು, ಕವಿಗಳ ಚರಿತ್ರೆಯಲ್ಲಿ ಸ್ಥಾನವನ್ನು ಪಡೆದನು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದವರಲ್ಲೊಬ್ಬರು, ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಹೊರಬಂದ ಪಂಪಭಾರತದ ಪರಿಷ್ಕರಣಕ್ಕೆ ಹೆಗಲು ಕೊಟ್ಟವರೂ ಅವರೇ. ಪದ್ಯದ ಪಾಠವನ್ನು ತೂಗಿ ನೋಡಿದ ಕಣ್ಣಿಗೆ ಪ್ರಮೇಯದ ಪಾಠವು ಹೊರತಾಗಬೇಕಾಗಿಲ್ಲ. ಶಾಸ್ತ್ರವಾಕ್ಯವು ಸತ್ಯವಾಗಿರಬೇಕೆಂಬುದರಲ್ಲಿ ವಿವಾದವಿಲ್ಲ. ಅದು ಓದುವವನಲ್ಲಿ ಅರ್ಥವಾಗಿ ನಿಲ್ಲುವುದೆ ಎಂಬುದು ಗದ್ಯದ ಪ್ರಶ್ನೆ, ಆದುದರಿಂದ ವಿಮರ್ಶಕನ ಪ್ರಶ್ನೆ.

ಈ ಪ್ರಶ್ನೆಯು ಬೆಂಗಳೂರಿನ ನಡುಪೇಟೆಯಲ್ಲಿ ಅಷ್ಟು ತೀವ್ರವಾಗಿ ತೋರದಿರಬಹುದು. ಅರ್ಕಾವತಿಯ ದಡದ ಕನಕಪುರದಲ್ಲಿ, ಹಿಂದೆ ಕಾನಕಾನಹಳ್ಳಿಯೆನ್ನಿಸಿಕೊಂಡಿದ್ದ ಆ ಊರಿನಲ್ಲಿ, ಅದು ದಿನನಿತ್ಯದ ಪ್ರಶ್ನೆ. ತಾಲ್ಲೂಕಿನ ಹಳ್ಳಿಗಳಿಂದ ಬರುವ ಎಷ್ಟೋ ಮಂದಿ ಬಾಲಕ ಬಾಲಕಿಯರು ಹತ್ತನೆಯ ತರಗತಿಯವರೆಗೆ ಗಣಿತವನ್ನು ಕನ್ನಡದಲ್ಲಿ ಕಲಿತವರು. ಅವರಿಗೆ ವ್ಯುತ್ಕ್ರಮವೆಂದರೇನು, ಅನುಪಾತವೆಂದರೇನು, ನೂರಕ್ಕೆ ಇಷ್ಟು ಎಂದರೇನು ಎಂಬುದು ಚೆನ್ನಾಗಿ ಗೊತ್ತು. ಪದವಿಪೂರ್ವ ವಿಜ್ಞಾನ ತರಗತಿಗೆ ಬಂದೊಡನೆ ಪುಸ್ತಕ ಇಂಗ್ಲಿಷಿನದು, ಪರೀಕ್ಷೆ ಇಂಗ್ಲಿಷಿನದು. ವಿವರಣೆ ಮಾತ್ರ ಉಪಾಧ್ಯಾಯರ ಬಾಯಿಂದ ಬರುವ ಮಿಶ್ರಭಾಷೆ. ‘ಲಾಗ್ ಎಕ್ಸನ್ನು ಡಿಫರೆನ್ಷಿಯೇಟ್ ಮಾಡಿದರೆ ಒನ್ ಬೈ ಎಕ್ಸ್ ಬರುತ್ತದೆ’ ಎಂಬ ವಾಕ್ಯದಲ್ಲಿ ಕನ್ನಡಕ್ಕೆ ಉಳಿದಿರುವುದು ಪ್ರತ್ಯಯಗಳು ಮತ್ತು ‘ಬರುತ್ತದೆ’ ಎಂಬ ಕ್ರಿಯಾಪದ. ಆ ಕ್ರಿಯಾಪದವನ್ನು ಸ್ವಲ್ಪ ಗಮನಿಸಬೇಕು. ಎಲ್ಲಿಂದ ಬರುತ್ತದೆ, ಏಕೆ ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಯಂತ್ರದ ಒಂದು ಬಾಯಿಗೆ ಹಾಕಿದ್ದು ಇನ್ನೊಂದು ಬಾಯಿಂದ ಬರುವಂತೆ ಬರುತ್ತದೆ. ಉಪಾಧ್ಯಾಯರನ್ನು ದೂಷಿಸಿ ಪ್ರಯೋಜನವಿಲ್ಲ. ಅವರ ಕೈಯಲ್ಲಿರುವ ಪಾಠದ ಕ್ರಮವೇ ಹಾಗಿದೆ.

ಪಾಠದ ಕ್ರಮವಾದರೂ ಏನು? ಮೊದಲು ಘಾತೀಯ ಉತ್ಪನ್ನ: ಅದು ಎಷ್ಟು ವೇಗವಾಗಿ ಬೆಳೆಯುವುದೆಂಬುದನ್ನು ಬಹುಪದೋಕ್ತಿಗಳೊಡನೆ ಹೋಲಿಸಿ ತೋರಿಸಲಾಗಿದೆ. ಈ ಭಾಗ ಚೆನ್ನಾಗಿದೆಯೆಂದು ಒಪ್ಪಬೇಕು. ಅನಂತರ ‘ಇ’ ಎಂಬ ಸ್ಥಿರಾಂಕ. ಒಂದು ಅನಂತ ಶ್ರೇಢಿಯ ಮೊತ್ತವಾಗಿ ಎರಡಕ್ಕೂ ಮೂರಕ್ಕೂ ನಡುವೆ ಇರುವ ಸಂಖ್ಯೆಯೆಂದು ಅದರ ಪರಿಚಯ. ಆಮೇಲೆ, ಘಾತಕ್ಕೆ ಏರಿಸುವ ಕ್ರಿಯೆಯನ್ನು ಹಿಂದುಮುಂದಾಗಿ ನೋಡಿದರೆ ಸಿಗುವುದೇ ಲಘುಗಣಕವೆಂಬ ಲಕ್ಷಣ. ಕೊನೆಗೆ ಪ್ರಮೇಯ. ತರ್ಕಕ್ಕೆ ಇದರಲ್ಲಿ ಕುಂದಿಲ್ಲ. ಲಘುಗಣಕವನ್ನು ಘಾತಾಂಕವೆಂದೇ ನೋಡುವ ಈ ಮಾರ್ಗವು ೧೭೪೮ರಲ್ಲಿ ಆಯ್ಲರನು ತನ್ನ ಗ್ರಂಥದಲ್ಲಿ ಹಾಕಿಕೊಟ್ಟ ಮೇಲೆ ಜಗತ್ತಿನ ಪಾಠಶಾಲೆಗಳೆಲ್ಲ ಹಿಡಿದ ಹೆದ್ದಾರಿ. ಆದರೆ ಹೆದ್ದಾರಿಯಲ್ಲಿ ಹೋಗುವವನಿಗೆ ಊರು ಕಾಣುವುದಿಲ್ಲ. ಘಾತಾಂಕವೊಂದರ ನಿಷ್ಪನ್ನವು ಏಕೆ ರಾಶಿಯ ವ್ಯುತ್ಕ್ರಮವಾಗಬೇಕು? ಲಕ್ಷಣವನ್ನು ಎಷ್ಟು ಸಲ ಓದಿದರೂ ಉತ್ತರ ಹೊಳೆಯದು. ಅನುಬಂಧದ ಸಾಧನೆಯನ್ನು ಓದಿದವನಿಗೂ ನಿಜವೆಂದು ಒಪ್ಪಿಗೆಯಾಗುವುದೇ ಹೊರತು, ಹೀಗಲ್ಲದೆ ಬೇರೆ ಹೇಗೂ ಇರಲಾರದೆಂಬ ಮನವರಿಕೆಯಾಗುವುದಿಲ್ಲ.

ಇದರಲ್ಲೊಂದು ಐತಿಹಾಸಿಕ ವಿಚಿತ್ರವುಂಟು. ಲಘುಗಣಕವನ್ನು ಮೊದಲು ಪ್ರಕಟಿಸಿದ ಸ್ಕಾಟ್ಲೆಂಡಿನ ಜಾನ್ ನೇಪಿಯರನು ಘಾತಾಂಕದ ದಾರಿಯನ್ನೇ ಹಿಡಿಯಲಿಲ್ಲ. ೧೬೧೪ರ ಅವನ ಗ್ರಂಥದಲ್ಲಿ ಎರಡು ಬಿಂದುಗಳು ಚಲಿಸುತ್ತವೆ. ಒಂದು ಬಿಂದುವು ಕೊನೆಯಿಲ್ಲದ ರೇಖೆಯ ಮೇಲೆ ಸಮವೇಗದಿಂದ ಸಾಗುತ್ತದೆ. ಇನ್ನೊಂದು ನಿಯತವಾದ ರೇಖಾಖಂಡದ ಮೇಲೆ ಹೊರಟು, ತುದಿಮುಟ್ಟಲು ಎಷ್ಟು ದೂರ ಉಳಿದಿದೆಯೋ ಅದಕ್ಕೆ ಅನುಪಾತವಾದ ವೇಗದಿಂದ ಸಾಗುತ್ತದೆ. ದೂರ ಕುಗ್ಗಿದಂತೆಲ್ಲ ವೇಗವೂ ಕುಗ್ಗುವುದು. ಎರಡನೆಯದಕ್ಕೆ ಉಳಿದಿರುವ ದೂರವೇ ರಾಶಿ, ಮೊದಲನೆಯದು ಕ್ರಮಿಸಿದ ದೂರವೇ ಅದರ ಲಘುಗಣಕ. ರಾಶಿಯು ಅರ್ಧವಾದಾಗ ಅದರ ವೇಗವೂ ಅರ್ಧ. ಆದುದರಿಂದ ಅಷ್ಟೇ ಚಿಕ್ಕ ತುಂಡನ್ನು ದಾಟಲು ಇಮ್ಮಡಿ ಕಾಲ ಬೇಕು. ಅಷ್ಟರಲ್ಲಿ ಜೊತೆಗಾರ ಬಿಂದುವು ಇಮ್ಮಡಿ ದೂರ ಹೋಗಿರುತ್ತದೆ. ಲಘುಗಣಕದ ಬದಲಾವಣೆಯ ಪ್ರಮಾಣವು ರಾಶಿಗೆ ವಿಲೋಮವಾಗಿರುವುದೆಂಬುದು ಇಲ್ಲಿ ಪ್ರಮೇಯವಲ್ಲ, ಲಕ್ಷಣ. ಲೈಬ್ನಿಟ್ಸನು ಕಲನಶಾಸ್ತ್ರದ ತನ್ನ ಮೊದಲ ಲೇಖನವನ್ನು ಪ್ರಕಟಿಸಿದ್ದು ೧೬೮೪ರಲ್ಲಿ. ಅಂದರೆ ನಿಷ್ಪನ್ನವೆಂಬ ಮಾತು ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲೇ ಲಘುಗಣಕದ ನಿಷ್ಪನ್ನವು ಅದರ ಹುಟ್ಟಿನಲ್ಲಿಯೇ ಸೇರಿತ್ತು. ಪಾಠಪುಸ್ತಕವು ತಾಯಿಯನ್ನು ಅನುಬಂಧಕ್ಕೆ ಕಳುಹಿಸಿ ಮಗುವನ್ನು ಮಾತ್ರ ಮೂಲದಲ್ಲಿ ಉಳಿಸಿಕೊಂಡಿದೆ. ಶಾಲೆಗಳಲ್ಲಿ ಲಘುಗಣಕವನ್ನು ಘಾತಾಂಕದಿಂದಲ್ಲ, ಅತಿಪರವಲಯದ ಕೆಳಗಿನ ಕ್ಷೇತ್ರಫಲದಿಂದ ಪರಿಚಯಿಸಬೇಕೆಂದು ಜರ್ಮನಿಯ ಫೆಲಿಕ್ಸ್ ಕ್ಲೈನನು ೧೯೦೮ರಲ್ಲಿಯೇ ವಾದಿಸಿದ್ದನು. ಅವನ ಮಾತು ಪಂಡಿತರಿಗೆ ರುಚಿಸಿತು, ಪಾಠಶಾಲೆಗಳಿಗೆ ಮುಟ್ಟಲಿಲ್ಲ.

ಇನ್ನು ಪರಿಭಾಷೆಯ ವಿಚಾರ. ನೇಪಿಯರನು ಗ್ರೀಕಿನ ಎರಡು ಶಬ್ದಗಳನ್ನು ಕೂಡಿಸಿ ಕಟ್ಟಿದ ಹೆಸರಿಗೆ ‘ಅನುಪಾತದ ಸಂಖ್ಯೆ’ ಎಂದು ಅರ್ಥ. ನಮ್ಮ ‘ಲಘುಗಣಕ’ವು ಆ ಅರ್ಥವನ್ನು ತಂದುದಲ್ಲ. ‘ಲಾಗ್’ ಎಂಬ ಧ್ವನಿಯನ್ನು ‘ಲಘು’ವಿನಲ್ಲಿ ಉಳಿಸಿಕೊಂಡು, ಲೆಕ್ಕವನ್ನು ಹಗುರಮಾಡುವುದೆಂಬ ಉಪಯೋಗವನ್ನು ಅದರೊಡನೆ ಹೆಣೆದದ್ದು. ಶಬ್ದಚಾತುರ್ಯವೇನೋ ಮೆಚ್ಚತಕ್ಕದ್ದೆ. ಆದರೆ ಗುಣಾಕಾರವನ್ನು ಯಂತ್ರಗಳು ಮಾಡುವ ಈ ಕಾಲದಲ್ಲಿ ಆ ಉಪಯೋಗ ಹಿಂದೆ ಸರಿಯಿತು. ಗಣಕವೆಂದರೆ ಮೇಜಿನ ಮೇಲಿನ ಯಂತ್ರವೆಂದು ರೂಢಿಯಾಯಿತು. ಹೆಸರು ಹೇಳುವ ಅರ್ಥ ಹೋಗಿ, ಹೇಳದ ಅರ್ಥವೇ ಪಾಠಕ್ಕೆ ಬೇಕಾಗಿದೆ. ಮತ್ತೊಂದು ತೊಡಕು ಇದಕ್ಕಿಂತ ದೊಡ್ಡದು. ಒಂದು ರಾಶಿಯನ್ನು ಅವಲಂಬಿಸಿ ಇನ್ನೊಂದು ನಿರ್ಧಾರವಾಗುವ ಸಂಬಂಧಕ್ಕೆ ‘ಉತ್ಪನ್ನ’ವೆಂದೂ, ಅದರ ಬದಲಾವಣೆಯ ಪ್ರಮಾಣಕ್ಕೆ ‘ನಿಷ್ಪನ್ನ’ವೆಂದೂ ಕನ್ನಡದಲ್ಲಿ ಬಳಕೆಯುಂಟು, ಎರಡನೆಯದಕ್ಕೆ ‘ವ್ಯುತ್ಪನ್ನ’ವೆಂದು ಬರೆಯುವವರೂ ಇದ್ದಾರೆ. ಒಂದೇ ಧಾತುವಿಗೆ ಉಪಸರ್ಗವನ್ನು ಬದಲಿಸಿ ಮಾಡಿದ ಈ ಮೂರು ಶಬ್ದಗಳಲ್ಲಿ ಯಾವುದು ಯಾವುದೆಂದು ಸಂಸ್ಕೃತ ಬಲ್ಲವನೂ ಊಹಿಸಲಾರ. ‘ಲಘುಗಣಕೀಯ ಉತ್ಪನ್ನದ ನಿಷ್ಪನ್ನ’ ಎಂದಾಗ ಹಳ್ಳಿಯ ಹುಡುಗನು ಇಂಗ್ಲಿಷೇ ಮೇಲೆಂದು ಓಡಿಹೋದರೆ ಅದು ಭಾಷಾಭಿಮಾನದ ಕೊರತೆಯಲ್ಲ. ಭಾಸ್ಕರಾಚಾರ್ಯನು ೧೧೫೦ರ ಸಿದ್ಧಾಂತಶಿರೋಮಣಿಯಲ್ಲಿ ಗ್ರಹಗಳ ವಿಚಾರವಾಗಿ ‘ತಾತ್ಕಾಲಿಕ ಗತಿ’ ಎಂಬ ಮಾತನ್ನು ಬಳಸಿದ್ದಾನೆ: ಇಡೀ ದಿನದ ನಡೆಯಲ್ಲ, ಆ ಕ್ಷಣದ ನಡೆ. ಅರ್ಥವು ಮೈಮೇಲೆಯೇ ಇರುವ ಶಬ್ದವೆಂದರೆ ಇದು. ಇಂಥ ಮಾತು ಕೈಯಲ್ಲಿರಲು ‘ನಿಷ್ಪನ್ನ’ಕ್ಕೆ ಶರಣಾಗಬೇಕಾದ ಅಗತ್ಯವು ಕಾಣುವುದಿಲ್ಲ.

ಲಘುಗಣಕಕ್ಕೂ ಅರ್ಥವು ಮೈಮೇಲಿರುವ ಹೆಸರೊಂದು ಕನ್ನಡನಾಡಿನ ಓಲೆಗರಿಗಳಲ್ಲಿಯೇ ಉಳಿದುಬಂದಿದೆ. ರಾಷ್ಟ್ರಕೂಟರ ಕಾಲದಲ್ಲಿ, ೮೧೬ರಲ್ಲಿ, ವೀರಸೇನಾಚಾರ್ಯರು ಮುಗಿಸಿದ ಧವಳಾ ಟೀಕೆಯ ಹಳೆಯ ಪ್ರತಿಗಳು ಕನ್ನಡ ಲಿಪಿಯಲ್ಲಿ ಮೂಡಬಿದಿರೆಯ ಬಸದಿಯಲ್ಲಿ ರಕ್ಷಿತವಾಗಿದ್ದುವೆಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಅವು ೧೯೩೯ರಿಂದ ಅಚ್ಚಾಗತೊಡಗಿದ ಮೇಲೆ ಲಕ್ನೋ ವಿಶ್ವವಿದ್ಯಾನಿಲಯದ ಅವಧೇಶ ನಾರಾಯಣ ಸಿಂಗರು ಅದರ ಗಣಿತಭಾಗವನ್ನು ವಿವೇಚಿಸಿದರು. ಅಲ್ಲಿ ‘ಅರ್ಧಚ್ಛೇದ’ವೆಂಬ ಪರಿಭಾಷೆಯಿದೆ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಿದರೆ ಒಂದು ಉಳಿಯುವುದೋ ಅಷ್ಟು ಅದರ ಅರ್ಧಚ್ಛೇದ. ಎಂಟಕ್ಕೆ ಮೂರು, ಹದಿನಾರಕ್ಕೆ ನಾಲ್ಕು. ಮೂರರಿಂದ ಭಾಗಿಸುತ್ತ ಹೋದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಎರಡು ರಾಶಿಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತವೆಂಬ ನಿಯಮವೂ ಅಲ್ಲಿ ಬರುತ್ತದೆ. ಇಂದಿನ ಭಾಷೆಯಲ್ಲಿ ಇದು ಎರಡನ್ನು ಆಧಾರವಾಗಿ ಉಳ್ಳ ಲಘುಗಣಕವೇ. ವೀರಸೇನರಿಗೆ ಕಲನಶಾಸ್ತ್ರವೂ ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವುದು ಅಭಿಮಾನವಾದೀತೇ ಹೊರತು ವಿಮರ್ಶೆಯಾಗದು. ಅರ್ಧಚ್ಛೇದವು ಕರ್ಮಗ್ರಂಥಗಳ ಮಹಾಸಂಖ್ಯೆಗಳನ್ನು ಹಿಡಿತಕ್ಕೆ ತರುವ ಉಪಾಯ. ಅದರ ತಾತ್ಕಾಲಿಕ ಗತಿಯನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಬೇಕಾದದ್ದು ಇಷ್ಟೆ: ಹೆಸರನ್ನು ಉಚ್ಚರಿಸಿದೊಡನೆ ಏನನ್ನು ಎಣಿಸುತ್ತಿದ್ದೇವೆಂಬುದು ಗೊತ್ತಾಗುತ್ತದೆ.

ಛಂದಸ್ಸನ್ನು ಪಾಠ ಹೇಳುವವರಿಗೆ ಈ ಎಣಿಕೆ ಹೊಸದಲ್ಲ. ಲಘುಗುರುಗಳ ಪ್ರಸ್ತಾರದಲ್ಲಿ ಒಂದಕ್ಷರದ ಉಕ್ತೆಗೆ ೨ ವೃತ್ತ, ಅತ್ಯುಕ್ತೆಗೆ ೪, ಮಧ್ಯೆಗೆ ೮. ಹೀಗೆ ಇಮ್ಮಡಿಸುತ್ತ ಹೋಗಿ ಇಪ್ಪತ್ತಾರಕ್ಷರದ ಉತ್ಕೃತಿಗೆ ೬,೭೧,೦೮,೮೬೪. ವೃತ್ತಗಳ ಸಂಖ್ಯೆಯ ಅರ್ಧಚ್ಛೇದವೇ ಪಾದದ ಅಕ್ಷರಸಂಖ್ಯೆ. ಈಗ ಪ್ರಮೇಯವನ್ನು ಇಲ್ಲಿಟ್ಟು ನೋಡೋಣ. ಮಧ್ಯೆಯಿಂದ ಪ್ರತಿಷ್ಠೆಗೆ ಹೋಗುವಾಗ, ಎಂದರೆ ಒಂದಕ್ಷರ ಹೆಚ್ಚುವಾಗ, ಹೊಸದಾಗಿ ಸೇರುವ ವೃತ್ತಗಳು ೮. ಆದುದರಿಂದ ಒಂದೊಂದು ವೃತ್ತದ ಪಾಲಿಗೆ ಬಂದ ಅಕ್ಷರಾಂಶ ಎಂಟರಲ್ಲೊಂದು. ಉತ್ಪಲಮಾಲೆಯಿರುವ ಕೃತಿಯ ವರ್ಗದಿಂದ ಚಂಪಕಮಾಲೆಯಿರುವ ಪ್ರಕೃತಿಗೆ ಹೋಗುವಾಗಲೂ ಹೆಚ್ಚುವುದು ಒಂದೇ ಅಕ್ಷರ. ಸೇರುವ ವೃತ್ತಗಳು ೧೦,೪೮,೫೭೬. ಒಂದೊಂದರ ಪಾಲು ೧೦,೪೮,೫೭೬ರಲ್ಲೊಂದು. ರಾಶಿಯು ದೊಡ್ಡದಾದಷ್ಟೂ, ಅದಕ್ಕೆ ಒಂದನ್ನು ಸೇರಿಸಿದರೆ ಅರ್ಧಚ್ಛೇದವು ಅಲುಗುವುದು ಅಷ್ಟಷ್ಟು ಕಡಮೆ, ಅದೂ ಸರಿಯಾಗಿ ರಾಶಿಯ ವ್ಯುತ್ಕ್ರಮದ ಅನುಪಾತದಲ್ಲಿ. ಲಘುಗಣಕದ ಅವಕಲನದ ತಿರುಳು ಇಷ್ಟೇ. ಮೂರೂವರೆ ಅಕ್ಷರದ ಪಾದವು ಛಂದಸ್ಸಿನಲ್ಲಿಲ್ಲ, ಕಲನಶಾಸ್ತ್ರಕ್ಕೆ ಅದೂ ಬೇಕು; ನಡುವಣ ತೆರಪುಗಳನ್ನು ತುಂಬುವುದೇ ಆ ಶಾಸ್ತ್ರದ ಕೆಲಸ. ತುಂಬಿದ ಮೇಲೆ ವ್ಯುತ್ಕ್ರಮಕ್ಕೆ ಒಂದು ಗುಣಕ ಅಂಟಿಕೊಳ್ಳುತ್ತದೆ; ಆಧಾರವು ಎರಡಾದರೆ ಅದು ಸುಮಾರು ೧.೪೪೨೭.

ಆ ಗುಣಕವನ್ನು ತೋರಿಸಲು ಹಿಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಸಾಧನವು ಬೇಕಿರಲಿಲ್ಲ. ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ ರಸಾಯನಶಾಸ್ತ್ರಗಳ ಪ್ರಯೋಗಕ್ಕೆ ಹೋದವರೆಲ್ಲರ ಕೈಯಲ್ಲಿ ಕ್ಲಾರ್ಕನ ಕೋಷ್ಟಕದ ತೆಳುಪುಸ್ತಕವಿರುತ್ತಿತ್ತು. ನಾಲ್ಕಂಕದ ಆ ಕೋಷ್ಟಕದಲ್ಲಿ ಸಂಖ್ಯೆಯು ೧ರಿಂದ ೧.೧ಕ್ಕೆ ಏರಿದಾಗ ಲಘುಗಣಕವು ೦.೦೪೧೪ರಷ್ಟು ಏರುತ್ತದೆ. ೨ರಿಂದ ೨.೧ಕ್ಕೆ ಏರಿದಾಗ ೦.೩೦೧೦ ಇದ್ದದ್ದು ೦.೩೨೨೨ ಆಗುತ್ತದೆ, ಏರಿಕೆ ೦.೦೨೧೨. ೪ರಿಂದ ೪.೧ಕ್ಕೆ ೦.೬೦೨೧ ಇದ್ದದ್ದು ೦.೬೧೨೮, ಏರಿಕೆ ೦.೦೧೦೭. ೮ರಿಂದ ೮.೧ಕ್ಕೆ ೦.೯೦೩೧ ಇದ್ದದ್ದು ೦.೯೦೮೫, ಏರಿಕೆ ೦.೦೦೫೪. ಸಂಖ್ಯೆಯು ಇಮ್ಮಡಿಯಾದಾಗಲೆಲ್ಲ ಏರಿಕೆಯು ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಪುಟದ ಬಲಗಡೆ ‘ಸರಾಸರಿ ವ್ಯತ್ಯಾಸ’ವೆಂದು ಒಂಬತ್ತು ಕಿರಿಯ ಅಂಕಣಗಳಿರುತ್ತವೆ, ಮೊದಲ ಸಾಲುಗಳಲ್ಲಿ ಅಲ್ಲಿಯ ಅಂಕಗಳು ದೊಡ್ಡವು, ಕೊನೆಯ ಸಾಲುಗಳಿಗೆ ಬರುವಷ್ಟರಲ್ಲಿ ಒಂದು ಎರಡು ಮೂರಕ್ಕೆ ಇಳಿದಿರುತ್ತವೆ. ಆ ಅಂಕಣವೇ ಲಘುಗಣಕದ ನಿಷ್ಪನ್ನದ ಕೋಷ್ಟಕ. ವರ್ಷಗಟ್ಟಲೆ ಅದರ ಮೇಲೆ ಬೆರಳಾಡಿಸಿದವರು ಎಷ್ಟೋ ಸಾವಿರ ಮಂದಿ. ‘ಈ ಅಂಕಣವು ಏಕೆ ಸೊರಗುತ್ತಹೋಗುತ್ತದೆ?’ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಗಣಿತದ ಪಾಠವು ಅವರಿಗೆ ಕೇಳಲಿಲ್ಲ. ಪ್ರಯೋಗಶಾಲೆಯ ಲಘುಗಣಕವೇ ಬೇರೆ, ಕಲನಶಾಸ್ತ್ರದ ಲಘುಗಣಕವೇ ಬೇರೆ ಎಂಬಂತೆ ಎರಡೂ ಒಂದೇ ಕಟ್ಟಡದ ಎರಡು ಕೋಣೆಗಳಲ್ಲಿ ಉಳಿದುವು.

ಮೇಲಿನ ಏರಿಕೆಗಳನ್ನು ೦.೧ರಿಂದ ಭಾಗಿಸಿ ಆಯಾ ಸಂಖ್ಯೆಯಿಂದ ಗುಣಿಸಿದರೆ ಕ್ರಮವಾಗಿ ೦.೪೧೪, ೦.೪೨೪, ೦.೪೨೮, ೦.೪೩೨ ದೊರೆಯುತ್ತವೆ. ಹೆಜ್ಜೆಯನ್ನು ಚಿಕ್ಕದುಮಾಡುತ್ತ ಹೋದಂತೆ ಅವೆಲ್ಲವೂ ೦.೪೩೪೩ರ ಕಡೆಗೆ ಸರಿಯುತ್ತವೆ. ಹತ್ತನ್ನು ಆಧಾರವಾಗಿಟ್ಟುಕೊಂಡುದರ ಸುಂಕವಿದು. ಎರಡನ್ನಿಟ್ಟರೆ ಸುಂಕ ೧.೪೪೨೭ ಆಯಿತು. ಸುಂಕವೇ ಇಲ್ಲದೆ, ಗುಣಕವು ಸರಿಯಾಗಿ ಒಂದಾಗುವಂತೆ ಮಾಡುವ ಆಧಾರವಾವುದೆಂದು ಕೇಳಿದರೆ ಬರುವ ಉತ್ತರವೇ ೨.೭೧೮೨೮ ಎಂದು ಮೊದಲಾಗುವ ಆ ‘ಇ’. ಹೀಗೆ ಬಂದಾಗ ಅದು ಒಂದು ಪ್ರಶ್ನೆಗೆ ಉತ್ತರವಾಗಿ ಬರುತ್ತದೆ. ‘ಸಹಜ’ವೆಂಬ ವಿಶೇಷಣಕ್ಕೂ ಆಗ ಅರ್ಥವಿದೆ. ಪಾಠಪುಸ್ತಕದಲ್ಲಿ ಅದು ಅನಂತ ಶ್ರೇಢಿಯ ಪಲ್ಲಕ್ಕಿಯಲ್ಲಿ ಕುಳಿತು ಬರುತ್ತದೆ. ಯಾರು, ಏಕೆ ಬಂದರೆಂಬುದು ಬಾಗಿಲಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ಅದರ ಮೇಲೆ ಈ ಅಧ್ಯಾಯದಲ್ಲಿ ‘ಲಾಗ್’ ಎಂದರೆ ಸಹಜ ಲಘುಗಣಕವೆಂದು ಗೊತ್ತುಮಾಡಲಾಗಿದೆ. ಪ್ರಯೋಗಶಾಲೆಯಲ್ಲಾದರೆ ಅದೇ ಅಕ್ಷರಗಳು ಹತ್ತರ ಲಘುಗಣಕವನ್ನು ಸೂಚಿಸುತ್ತವೆ.

ಕನಕಪುರದ ವಿದ್ಯಾರ್ಥಿಗೆ ಇದಕ್ಕಿಂತಲೂ ಹತ್ತಿರದ ಉದಾಹರಣೆಯೊಂದು ಮನೆಯ ಹಿಂದಣ ಕೋಣೆಯಲ್ಲಿಯೇ ಇದೆ. ರೇಷ್ಮೆ ಆ ಸೀಮೆಯ ಮುಖ್ಯ ಬೆಳೆ. ಮೊಟ್ಟೆಯೊಡೆದು ಬಂದ ಮರಿಯು ಅರ್ಧ ಮಿಲಿಗ್ರಾಮಿನಷ್ಟು ತೂಗಿದರೆ, ಸುಮಾರು ಇಪ್ಪತ್ತೈದು ದಿನಗಳಲ್ಲಿ ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವ ಹುಳುವು ನಾಲ್ಕೈದು ಗ್ರಾಂ ತೂಗುತ್ತದೆ. ಹತ್ತು ಸಾವಿರ ಮಡಿಯಷ್ಟು ಬೆಳವಣಿಗೆ. ಹತ್ತು ಸಾವಿರದ ಅರ್ಧಚ್ಛೇದವು ಹದಿಮೂರಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಸರಾಸರಿಯಾಗಿ ಎರಡು ದಿನ ತುಂಬುವುದರೊಳಗೆ ಒಂದು ಸಲ ತೂಕವು ಇಮ್ಮಡಿಸುತ್ತಿದೆ. ಮನೆಯವರಿಗೆ ಕಣ್ಣಿಗೆ ಕಾಣುವುದು ಕೊನೆಯ ವಾರದ ಆರ್ಭಟ. ಹಿಪ್ಪುನೇರಳೆ ಸೊಪ್ಪಿನ ಹತ್ತು ಪಾಲಿನಲ್ಲಿ ಎಂಟು ಪಾಲು ಆಗಲೇ ತೀರುತ್ತದೆ. ಹುಳು ಬೆಳೆಯುವುದೆಲ್ಲ ಆಗಲೇ ಎನ್ನಿಸುತ್ತದೆ. ಗ್ರಾಮಿನ ಲೆಕ್ಕದಲ್ಲಿ ಅದು ನಿಜ. ಆದರೆ ಆ ವಾರದ ಏಳು ದಿನಗಳಲ್ಲಿ ತೂಕವು ಐದು ಮಡಿಯಾದರೆ, ಚಾಕಿಯ ಮೊದಲ ನಾಲ್ಕು ದಿನಗಳಲ್ಲಿ ಹತ್ತು ಮಡಿಗೆ ಕಡಮೆಯಿಲ್ಲದಂತೆ ಏರಿರುತ್ತದೆ. ಸಹಜ ಲಘುಗಣಕದಲ್ಲಿ ಹೇಳುವುದಾದರೆ, ಮೊದಲ ಹಂತದಲ್ಲಿ ದಿನಕ್ಕೆ ೦.೫೮, ಕೊನೆಯ ಹಂತದಲ್ಲಿ ದಿನಕ್ಕೆ ೦.೨೩. ತೂಕದ ತಾತ್ಕಾಲಿಕ ಗತಿಯನ್ನು ಆ ಕ್ಷಣದ ತೂಕದಿಂದ ಭಾಗಿಸಿದ್ದೇ ತೂಕದ ಲಘುಗಣಕದ ತಾತ್ಕಾಲಿಕ ಗತಿ. ಪ್ರಮೇಯದಲ್ಲಿ ಛೇದದ ಸ್ಥಾನದಲ್ಲಿ ಕುಳಿತಿರುವ ರಾಶಿಯು ಇಲ್ಲಿ ಹುಳುವಿನ ಮೈತೂಕ. ಇದ್ದದ್ದಕ್ಕೆ ಎಷ್ಟು ಸೇರಿತು ಎಂದು ಕೇಳುವುದು ಒಂದು ಪ್ರಶ್ನೆ; ಇದ್ದದ್ದರ ಲೆಕ್ಕದಲ್ಲಿ ನೂರಕ್ಕೆ ಎಷ್ಟು ಸೇರಿತು ಎಂದು ಕೇಳುವುದು ಇನ್ನೊಂದು. ಲಘುಗಣಕದ ಅವಕಲನವು ಎರಡನೆಯ ಪ್ರಶ್ನೆಗೆ ಉತ್ತರ. ಬಡ್ಡಿಯ ಮಾತನ್ನು ಬಲ್ಲ ನಾಡಿನಲ್ಲಿ ಇದನ್ನು ವಿವರಿಸುವುದು ಕಷ್ಟವಾಗಬಾರದು.

ಪಾಠದ ಮುಂದಿನ ಭಾಗವಾದ ಲಘುಗಣಕದ ಮೂಲಕ ಅವಕಲನವೂ ಇದೇ ಕಾರಣದಿಂದ ಬಡವಾಗಿದೆ. ಅನೇಕ ಅಪವರ್ತನಗಳು ಕೂಡಿದ ಉತ್ಪನ್ನವನ್ನೋ, ಘಾತದಲ್ಲಿಯೂ ಚರಾಕ್ಷರವಿರುವ ಉತ್ಪನ್ನವನ್ನೋ ಕೊಟ್ಟಾಗ, ಎರಡು ಕಡೆಗೂ ಲಘುಗಣಕವನ್ನು ತೆಗೆದುಕೊಂಡು ಅವಕಲಿಸುವ ವಿಧಾನವಿದು. ಪುಸ್ತಕದಲ್ಲಿ ಇದು ಒಂದು ಹಂಚಿಕೆಯಾಗಿ ಬರುತ್ತದೆ, ತೊಡಕಾದ ಲೆಕ್ಕವನ್ನು ಬಿಡಿಸುವ ಉಪಾಯವಾಗಿ. ಆದರೆ ಕನಕಪುರದ ಗೂಡಿನ ಮಾರುಕಟ್ಟೆಗೆ ಗೂಡು ತಂದ ರೈತನು ಈ ವಿಧಾನವನ್ನು ಹೆಸರಿಲ್ಲದೆಯೇ ಬಲ್ಲನು. ಅವನ ಆದಾಯವೆಂದರೆ ಗೂಡಿನ ತೂಕವನ್ನು ಹರಾಜಿನ ಧಾರಣೆಯಿಂದ ಗುಣಿಸಿದ್ದು. ಹೋದ ಬೆಳೆಗಿಂತ ತೂಕವು ನೂರಕ್ಕೆ ಎರಡರಷ್ಟು ಹೆಚ್ಚಿ ಧಾರಣೆಯು ನೂರಕ್ಕೆ ಮೂರರಷ್ಟು ಇಳಿದರೆ, ಕಾಗದವಿಲ್ಲದೆ ಅವನು ಆದಾಯವು ನೂರಕ್ಕೆ ಒಂದರಷ್ಟು ಇಳಿಯಿತೆಂದು ಹೇಳುತ್ತಾನೆ. ಸೂಕ್ಷ್ಮವಾಗಿ ಎಣಿಸಿದರೆ ಇಳಿತವು ೧.೦೬. ಬದಲಾವಣೆಗಳು ಚಿಕ್ಕವಾದಷ್ಟೂ ಅವನ ಲೆಕ್ಕವೂ ಸೂಕ್ಷ್ಮದ ಲೆಕ್ಕವೂ ಒಂದಾಗುತ್ತವೆ. ಗುಣಲಬ್ಧದ ಲಘುಗಣಕವು ಲಘುಗಣಕಗಳ ಮೊತ್ತ. ಆದುದರಿಂದ ಗುಣಲಬ್ಧದ ನೂರಕ್ಕಿಷ್ಟು ಎಂಬುದು ಅಪವರ್ತನಗಳ ನೂರಕ್ಕಿಷ್ಟುಗಳ ಮೊತ್ತ. ವಿಧಾನದ ಜೀವವು ಇಲ್ಲಿದೆ. ಹಂಚಿಕೆಯೆಂದು ಕಲಿತವನು ಪರೀಕ್ಷೆಯ ಮರುದಿನ ಮರೆಯುತ್ತಾನೆ.

ಈ ಮಾತುಗಳಿಗೆ ಎರಡು ಆಕ್ಷೇಪಗಳು ಸಹಜ. ಹುಳು, ವೃತ್ತ, ಕೋಷ್ಟಕ ಇವೆಲ್ಲ ದೃಷ್ಟಾಂತಗಳು, ಸಾಧನೆಯಲ್ಲ ಎಂಬುದು ಮೊದಲನೆಯದು. ಅದು ಸರಿಯೆ. ಸಾಧನೆಗೆ ಸೀಮಾಮೌಲ್ಯವು ಬೇಕೇ ಬೇಕು, ರಾಶಿಯು ಧನವಾಗಿರಬೇಕೆಂಬ ಕಟ್ಟಳೆಯೂ ಬೇಕು. ಅವನ್ನು ಕೈಬಿಡಬೇಕೆಂದು ಯಾರೂ ಹೇಳರು. ಆದರೆ ಈಗಿನ ಪಾಠವು ಸಾಧನೆಯನ್ನು ಅನುಬಂಧಕ್ಕೆ ಕಳುಹಿಸಿ, ಆ ಸ್ಥಳದಲ್ಲಿ ದೃಷ್ಟಾಂತವನ್ನೂ ಇರಿಸಲಿಲ್ಲ. ಎರಡೂ ಇಲ್ಲದ ಪ್ರಮೇಯವು ಆಜ್ಞೆಯಾಗುತ್ತದೆ. ಮುಂದಿನ ವಿದ್ಯಾಭ್ಯಾಸವೆಲ್ಲ ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ವಾಕ್ಯವನ್ನು ತಿದ್ದಿ ಫಲವೇನು ಎಂಬುದು ಎರಡನೆಯದು. ಇದಕ್ಕೆ ಉತ್ತರವು ತರಗತಿಯಲ್ಲಿಯೇ ಇದೆ. ವಿವರಣೆಯು ಈಗಲೂ ಕನ್ನಡದಲ್ಲಿಯೇ ನಡೆಯುತ್ತಿದೆ; ಅದು ಬರೆಹಕ್ಕೆ ಬಾರದ ಕಾರಣ ಒಬ್ಬ ಉಪಾಧ್ಯಾಯನ ಒಳ್ಳೆಯ ವಾಕ್ಯವು ಇನ್ನೊಬ್ಬನಿಗೆ ಮುಟ್ಟದೆ ಕಪ್ಪುಹಲಗೆಯೊಡನೆ ಅಳಿಸಿಹೋಗುತ್ತದೆ. ‘ಬರುತ್ತದೆ’ ಎಂಬಲ್ಲಿಗೆ ನಿಂತ ವಾಕ್ಯವು ಹೀಗೆ ಮುಂದುವರಿಯಬಹುದು: ಯಾವ ರಾಶಿಯೇ ಆಗಲಿ, ಅದಕ್ಕೆ ಅತ್ಯಲ್ಪವಾದುದನ್ನು ಸೇರಿಸಿದಾಗ ಅದರ ಸಹಜ ಲಘುಗಣಕವು, ಸೇರಿದ್ದು ಇದ್ದದ್ದರ ಎಷ್ಟನೆಯ ಪಾಲೋ ಅಷ್ಟು ಹೆಚ್ಚುತ್ತದೆ. ಚರಾಕ್ಷರವಿಲ್ಲದ, ಚಿಹ್ನೆಯಿಲ್ಲದ ವಾಕ್ಯ. ಚಿಹ್ನೆಗಳನ್ನು ಇದರಿಂದ ಬರೆಯಬಹುದು, ಚಿಹ್ನೆಗಳಿಂದ ಇದಕ್ಕೆ ಹಿಂದಿರುಗಬಹುದು.

ವಾಕ್ಯವು ಭಾರ ಹೊರುವುದೆ ಎಂಬುದನ್ನು ಒಂದು ಕಠಿನವಾದ ಉದಾಹರಣೆಯ ಮೇಲೆ ಪರೀಕ್ಷಿಸಬಹುದು. ಒಂದು ರಾಶಿಯನ್ನು ಅದೇ ರಾಶಿಯ ಘಾತಕ್ಕೆ ಏರಿಸಿದೆಯೆನ್ನೋಣ. ಪರೀಕ್ಷೆಗಳಲ್ಲಿ ಮತ್ತೆಮತ್ತೆ ಬರುವ ಪ್ರಶ್ನೆಯಿದು. ಇಲ್ಲಿ ಕೆಳಗಿನ ರಾಶಿಯೂ ಬದಲಾಗುತ್ತದೆ, ಮೇಲಿನ ಘಾತವೂ ಬದಲಾಗುತ್ತದೆ. ಇದರ ಲಘುಗಣಕವೆಂದರೆ ರಾಶಿಯನ್ನು ಅದರ ಲಘುಗಣಕದಿಂದ ಗುಣಿಸಿದ್ದು. ಘಾತವು ಬದಲಾದುದರ ಪಾಲು, ರಾಶಿಯ ಲಘುಗಣಕ. ರಾಶಿಯು ಬದಲಾದುದರ ಪಾಲು, ರಾಶಿಯ ಮಡಿ ರಾಶಿಯ ವ್ಯುತ್ಕ್ರಮ, ಎಂದರೆ ಒಂದು. ಎರಡನ್ನೂ ಕೂಡಿಸಿದರೆ ಇದ್ದದ್ದರ ಎಷ್ಟನೆಯ ಪಾಲು ಹೆಚ್ಚುವುದೆಂಬುದು ದೊರೆಯಿತು. ಇದ್ದದ್ದರಿಂದ ಅದನ್ನು ಗುಣಿಸಿದರೆ ನಿಷ್ಪನ್ನ. ರಾಶಿಯು ಒಂದಕ್ಕಿಂತ ಚಿಕ್ಕದಾದಾಗ ಅದರ ಲಘುಗಣಕವು ಋಣವಾಗಿ ಎರಡು ಪಾಲುಗಳೂ ಒಂದನ್ನೊಂದು ಎದುರಿಸುತ್ತವೆ. ‘ಇ’ಯ ವ್ಯುತ್ಕ್ರಮದಲ್ಲಿ, ಸುಮಾರು ೦.೩೬೭೯ರಲ್ಲಿ, ಅವು ಸರಿಸಮವಾಗಿ ಕಳೆದುಹೋಗುತ್ತವೆ. ಅದಕ್ಕಿಂತ ಚಿಕ್ಕ ರಾಶಿಗಳಲ್ಲಿ ಇಳಿಯುತ್ತ ಬಂದ ಬೆಲೆಯು ಅಲ್ಲಿ ಒಂದು ಕ್ಷಣ ನಿಂತು, ಆಮೇಲೆ ಏರತೊಡಗುತ್ತದೆ.